ಕುಲುಮೆಯೊಳಗಿನ ನಾಲ್ಕನೇ ಸೀಟು

ಮುಂಬಯಿಯ ಚೆಂಬೂರಿನಲ್ಲಿದ್ದು ಮೂವತ್ತು ವರ್ಷ ಕುಲುಮೆ ಕಾದವನು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪಟ ಜಿರ್ಕೋನಿಯಾದ (ಜಿರ್ಕೋನಿಯಂ ಆಕ್ಸೈಡಿನ) ಬಟ್ಟಲೊಂದನ್ನು 1,400 ಡಿಗ್ರಿಗೆ ಸುಟ್ಟು, ಆರಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಾಗಿಲು ತೆರೆದರೆ ಚೂರುಗಳ ರಾಶಿ. ಬೈಗುಳ ತಿಂದೆ. ಅದು ಹರಳಿನ ಕಿತಾಪತಿ ಎಂದು ತಿಳಿದದ್ದು ಆಮೇಲೆ.

ಈ ಬಿಳಿ ಪಿಂಗಾಣಿಗೆ ಮೂರು ರೂಪ. ಸುಮಾರು 1,170 ಡಿಗ್ರಿ ಸೆಲ್ಸಿಯಸ್‌ವರೆಗೆ ಪರಮಾಣುಗಳ ಜೋಡಣೆ ಓರೆಯಾದ ಪೆಟ್ಟಿಗೆಯಂತೆ. ಅದರಾಚೆ ನೆಟ್ಟಗಿನ ಚೌಕಗಂಬ. 2,370ರ ಸುಮಾರು ದಾಟಿದರೆ ಸರಿಯಾದ ಘನ. ಕರಗದೆ, ಗಟ್ಟಿಯಾಗಿದ್ದುಕೊಂಡೇ ಮಗ್ಗುಲು ಬದಲಿಸುತ್ತದೆ. ಆರುವಾಗ ಓರೆರೂಪಕ್ಕೆ ಮರಳುತ್ತ ಗಾತ್ರ ಶೇ. 4-5ರಷ್ಟು ಹಿಗ್ಗುತ್ತದೆ. ಪಿಂಗಾಣಿ ಅದನ್ನು ತಾಳದು.

ಇದಕ್ಕೆ ಮದ್ದು ಯಿಟ್ರಿಯಾ, ಅಂದರೆ ಯಿಟ್ರಿಯಂ ಆಕ್ಸೈಡು. ಮೋಲ್ ಲೆಕ್ಕದಲ್ಲಿ ನೂರಕ್ಕೆ ಎಂಟು ಪಾಲು ಬೆರೆಸಿದರೆ ಘನರೂಪ ಕೋಣೆಯ ತಾಪದಲ್ಲೂ ಉಳಿಯುತ್ತದೆ. ನನಗೆ ಇಷ್ಟವಾದದ್ದು ಮುಂದಿನ ಸಂಗತಿ: ಜಿರ್ಕೋನಿಯಂ ಜಾಗದಲ್ಲಿ ಎರಡು ಯಿಟ್ರಿಯಂ ಬಂದು ಕೂತರೆ ಒಂದು ಆಮ್ಲಜನಕದ ಜಾಗ ಖಾಲಿ. ಲೋಕಲ್ ರೈಲಿನಲ್ಲಿ ಘಾಟ್‌ಕೋಪರಿಗೆ ಒಬ್ಬ ಎದ್ದರೆ ಮೂವರ ಬೆಂಚಿನ ಅಂಚಿಗೆ ಕೂತ ನಾಲ್ಕನೇ ಸೀಟಿನವ ಒಳಗೆ ಸರಿಯುತ್ತಾನೆ, ನಿಂತವ ಅವನ ಜಾಗ ಹಿಡಿಯುತ್ತಾನಲ್ಲ, ಹಾಗೆ ಕಾದ ಪಿಂಗಾಣಿಯಲ್ಲಿ ಆಮ್ಲಜನಕದ ಅಯಾನುಗಳು ಖಾಲಿ ಜಾಗಗಳಿಗೆ ಜಿಗಿಯುತ್ತ ವಿದ್ಯುತ್ ಒಯ್ಯುತ್ತವೆ. ತಣ್ಣಗಿದ್ದರೆ ಯಾರೂ ಅಲುಗುವುದಿಲ್ಲ! ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ 1897ರಲ್ಲೇ ಇಂಥ ಪಿಂಗಾಣಿಯಿಂದ ದೀಪ ಮಾಡಿದ್ದರು.

ಹರಳಿನೊಳಗಿನ ಈ ಜಾಗಗಳನ್ನು ನೋಡುವುದು ಹೇಗೆ? ಹಗುರ ಆಮ್ಲಜನಕ ಎಕ್ಸ್-ಕಿರಣಕ್ಕೆ ಮಸುಕು, ನ್ಯೂಟ್ರಾನಿಗೆ ನಿಚ್ಚಳ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ 1985ರಲ್ಲಿ ಚಾಲೂ ಆದ ಧ್ರುವ ರಿಯಾಕ್ಟರಿನ ನ್ಯೂಟ್ರಾನುಗಳನ್ನು ಹರಳುಗಳ ಒಳಗು ನೋಡಲು ಬಳಸುತ್ತಾರೆ.

ನಿಮ್ಮ ಪೆಟ್ರೋಲ್ ಕಾರಿನ ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರಿನ ಒಳಗೆ ಕೂತಿರುವುದೂ ಹೆಚ್ಚಾಗಿ ಇದೇ ಪಿಂಗಾಣಿ.