ಇಂದಿನ ಹೆಜ್ಜೆಗೆ ಇಂದಿನ ದಾರಿ

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಮಗಳ ನಿಕಾಹ್‌ಗೆ ಬಟ್ಟೆ ನೋಡುತ್ತಿದ್ದ ಭದ್ರಾವತಿಯ ಸಹೋದರಿಯೊಬ್ಬರು ಜರಿ ಸೀರೆ ಕೈಯಲ್ಲಿ ಹಿಡಿದು ಕೇಳಿದರು: “ಆಪಾ, ನಮ್ಮ ಮನೆಯವರ ಕೆಲಸ ಮುಂದಿನ ವರ್ಷ ಇರುತ್ತದೋ ಇಲ್ಲವೋ. ಯಾವ ಧೈರ್ಯದ ಮೇಲೆ ಕೊಳ್ಳಲಿ?”

ಅವರ ಆತಂಕ ಸುಳ್ಳಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ್ದ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು.

ಸಹೋದರಿಯರೇ, ದಿನದ ಕಡ್ಡಾಯ ನಮಾಝಿನ 17 ರಕಅತ್‌ಗಳಲ್ಲೂ ಫಾತಿಹಾದಲ್ಲಿ ನಾವು ಸನ್ಮಾರ್ಗವನ್ನು ಬೇಡುತ್ತೇವೆ. ಒಮ್ಮೆ ಕೇಳಿದ್ದು ಬದುಕಿಗೆಲ್ಲ ಸಾಕಾಗುವಂತಿದ್ದರೆ ಮತ್ತೆ ಮತ್ತೆ ಕೇಳುವುದೇಕೆ? ಅಲ್ಲಾಹನು ಇಂದಿನ ಹೆಜ್ಜೆಗೆ ಬೇಕಾದ ದಾರಿಯನ್ನು ಇಂದು ತೋರಿಸುತ್ತಾನೆ. ನಾಳೆಯ ಜ್ಞಾನ ಅವನ ಬಳಿಯೇ ಇದೆ.

ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲ. ಮಾತೆ ಹಾಜಿರಾ(ಅ) ನೀರಿಗಾಗಿ ಸಫಾ-ಮರ್ವಾ ನಡುವೆ ಏಳು ಬಾರಿ ಓಡಿದರು. ಝಮ್‌ಝಮ್ ಚಿಮ್ಮಿದ್ದು ಅವರು ಹತ್ತಿದ ಗುಡ್ಡಗಳಲ್ಲಿ ಅಲ್ಲ, ಮಗುವಿನ ಬಳಿ. ಓಟ ಅವರದು, ನೀರು ಅಲ್ಲಾಹನದು.

ಆ ಸಹೋದರಿ ಜರಿ ಸೀರೆಯನ್ನು ಅಲ್ಲೇ ಬಿಟ್ಟು, ಸಾಲವಿಲ್ಲದೆ ಕೊಳ್ಳಬಹುದಾದ ಸರಳ ಸೀರೆ ಆರಿಸಿಕೊಂಡರು. ನಿಕಾಹ್ ನಿಲ್ಲಲಿಲ್ಲ. ಇಂದಿಗೆ ಸಿಕ್ಕ ದಾರಿ ಅದು. ನಾಳಿನದನ್ನು ನಾಳೆಯ ಫಜ್ರ್‌ನಲ್ಲಿ ಬೇಡೋಣ.