ಕೊಳವೆ ಕೊರೆಯುವ ಗಣಕಯಂತ್ರ

ಸೈಕಲ್ಲಿನ ಚೌಕಟ್ಟಿನಲ್ಲಿ ಒಂದು ಕೊಳವೆಯು ಇನ್ನೊಂದರ ದುಂಡು ಮೈಯನ್ನು ಕೂಡುವೆಡೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯಬೇಕು. ಸಂದು ಉಳಿದರೆ ಬೆಸುಗೆ ದುರ್ಬಲ. ಮೇಲೆ ಕುಳಿತವನ ಪ್ರಾಣವೇ ಪಣ. ಕೊಳವೆಯ ದಪ್ಪವಾದರೋ ಅನೇಕ ವೇಳೆ 1 ಮಿಲಿಮೀಟರಿಗೂ ಕಡಿಮೆ. ಕುಶಲಕರ್ಮಿಗಳು ಅರದಿಂದ ಉಜ್ಜಿ, ಇಟ್ಟು ನೋಡಿ, ಮತ್ತೆ ಉಜ್ಜಿ ಈ ಹೊಂದಿಕೆಯನ್ನು ಸಾಧಿಸುತ್ತ ಬಂದಿದ್ದಾರೆ.

ಇದಕ್ಕಾಗಿ ಮನೆಯಲ್ಲೇ ಯಂತ್ರ ಕಟ್ಟಿಕೊಳ್ಳುವವರೂ ಈಗ ಉಂಟು. ಒಂದು ಮೋಟಾರು ಕೊಳವೆಯನ್ನು ತಿರುಗಿಸುತ್ತದೆ. ಇನ್ನೊಂದು ಪ್ಲಾಸ್ಮಾ ಜ್ವಾಲೆಯನ್ನು ಉದ್ದಕ್ಕೆ ಸರಿಸುತ್ತದೆ. ಒಂದು ಸುತ್ತನ್ನು 200 ಹೆಜ್ಜೆಗಳಾಗಿ ಒಡೆಯುವ ಇಂಥ ಮೋಟಾರುಗಳು ಅಂಗಡಿಯಲ್ಲೇ ಸಿಗುತ್ತವೆ. ವ್ಯಾಸ, ಕೋನಗಳನ್ನು ತಿಳಿಸಿದರೆ ವಕ್ರರೇಖೆಯ ಲೆಕ್ಕ ಗಣಕದ್ದು. 1952ರಲ್ಲಿ ಅಮೆರಿಕದ ಎಂ.ಐ.ಟಿ. ಅಂಕೆಗಳಿಂದ ನಡೆಯುವ ಯಂತ್ರವನ್ನು ಪ್ರದರ್ಶಿಸಿದಾಗ ಅದು ದೊಡ್ಡ ಸಂಸ್ಥೆಗಳ ಸೊತ್ತು. ಇಂದು ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವು ಯಾರಿಗಾದರೂ ಉಚಿತ. ಅರಿವಿನ ಇಂಥ ಹಂಚಿಕೆಯನ್ನು ನಾವು ದಾಸೋಹವೆಂದೇ ಕರೆಯುತ್ತೇವೆ.

ನಮ್ಮ ಮನೆಗಳಲ್ಲಾದರೋ ಗಣಕ ಕಲಿತ ಮಗನಿಗೆ ಮನ್ನಣೆ, ಬೆಸುಗೆ ಕಲಿತವನಿಗೆ ತಾತ್ಸಾರ. (ಸಂಬಂಧ ನೋಡುವಾಗಲೂ ಇದೇ ಅಳತೆ!) ಮಾದಾರ ಚೆನ್ನಯ್ಯನವರ ಹೆಸರು ಹೇಳುವ ನಾಲಗೆಗೆ ಇದು ಒಪ್ಪದು. ಈ ಯಂತ್ರಕ್ಕೆ ಇಬ್ಬರ ವಿದ್ಯೆಯೂ ಬೇಕು. ಜ್ವಾಲೆ ಬಿಟ್ಟ ಕಿಟ್ಟವನ್ನು ಅರದಿಂದ ತೆಗೆದು, ಕೊಳವೆಗಳನ್ನು ಕೂಡಿಸಿ, ಸಂದಿನಲ್ಲಿ ಬೆಳಕು ತೂರುವುದೇ ಎಂದು ನೋಡಿದ ಮೇಲೆಯೇ ಬೆಸುಗೆ.