‘ಡಿಸ್ವೇಡ್’ ಎಂಬ ಸಿಹಿ ಮಾತು

‘ಡಿಸ್ವೇಡ್’ ಅಂದರೆ ತಡೆಯುವುದು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ತಡೆಯುವವನು ಅಡ್ಡ ನಿಲ್ತಾನೆ. ಡಿಸ್ವೇಡ್ ಮಾಡುವವನು ಪಕ್ಕ ಕೂತು ಬುದ್ಧಿ ಹೇಳ್ತಾನೆ. ಈ ಪದದ ಲ್ಯಾಟಿನ್ ಬೇರು, ಸಂಸ್ಕೃತದ ‘ಸ್ವಾದು’ ಎರಡೂ ಒಂದೇ ಮೂಲದವು: ಸಿಹಿ. ‘ಮೊದಲು ಓದು ಮುಗಿಸಪ್ಪ, ಜಾತಿ ವಿಷಯ ಆಮೇಲೆ ಬರೆಯುವೆಯಂತೆ’ ಎಂದು ನನಗೆ ಹೇಳಿದವರೂ ಸಿಹಿಯಾಗೇ ಹೇಳಿದ್ದರು.

ಬಳಸುವಾಗ ಎಚ್ಚರ ಬೇಕು. ಬರೀ ‘ಡಿಸ್ವೇಡ್ ಮಾಡಿದರು’ ಅಂದರೆ ಕೇಳಿದವನು ಮನಸ್ಸು ಬದಲಿಸಿದ ಅಂತಲೇ ಅರ್ಥ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಂಬೇಡ್ಕರರ ಭಾಷಣದಿಂದ ಕೆಲವು ಭಾಗ ತೆಗೆಸಲು ನೋಡಿದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು, ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಇಲ್ಲಿ ‘ಡಿಸ್ವೇಡ್ ಮಾಡಲು ನೋಡಿದರು’ ಎಂದಷ್ಟೇ ಬರೆಯಬೇಕು.